ಆಸ್ತಿ ತೆರಿಗೆಯ ಸೆಸ್ ಎಲ್ಲಿಗೆ ಹೋಯಿತು? ಪತ್ತೆ ಹಚ್ಚುವ ಬಗೆ

ಬೆಂಗಳೂರಿನ ಆಸ್ತಿ ತೆರಿಗೆ ರಸೀದಿಯಲ್ಲಿ ಮೂಲ ತೆರಿಗೆಯನ್ನೂ ಸೆಸ್ಸನ್ನೂ (ನಿರ್ದಿಷ್ಟ ಉದ್ದೇಶಕ್ಕೆಂದು ಅದರ ಮೇಲೆ ಹಾಕುವ ಉಪಕರ) ಬೇರೆ ಮಾಡಿ ಓದಿ. ಮೂಲ ತೆರಿಗೆ 10,000 ರೂ. ಇದ್ದರೆ ಗ್ರಂಥಾಲಯ ಸೆಸ್ ಶೇ. 6, ಅಂದರೆ 600. ಭಿಕ್ಷುಕರ ಪುನರ್ವಸತಿಗೆಂದು ಪಡೆಯುವ ಭಿಕ್ಷುಕರ ಸೆಸ್ ಶೇ. 3, ಅಂದರೆ 300. ವಸೂಲಿ ಮಾಡುವುದು ಪಾಲಿಕೆ, ಖರ್ಚು ಮಾಡಬೇಕಾದವರು ಬೇರೆ. ಜಗಳ ಹುಟ್ಟುವುದೇ ಇಲ್ಲಿ: ಪಾಲಿಕೆಯ ಕೈ ಬಿಗಿಯಾದಾಗ ಆ ದುಡ್ಡು ಅಲ್ಲೇ ಉಳಿಯುತ್ತದೆ, ಗ್ರಂಥಾಲಯಕ್ಕೆ ಬಾಕಿ ಬೆಳೆಯುತ್ತದೆ.

ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂ. ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎರಡೂ ಸೆಸ್ ಸೇರಿಸಿ ಕೇಳಿದರೆ ತಿರಸ್ಕಾರಕ್ಕೆ ನೀವೇ ನೆಪ ಕೊಟ್ಟಂತೆ. ‘ಏಕೆ ಕೊಟ್ಟಿಲ್ಲ’ ಎಂದೂ ಬರೆಯಬೇಡಿ. ‘ಯಾವ ವರ್ಷ ಎಷ್ಟು ವಸೂಲಾಯಿತು, ಎಷ್ಟು ವರ್ಗಾವಣೆಯಾಯಿತು, ಆದೇಶದ ಪ್ರತಿ ಕೊಡಿ’ ಎನ್ನಿ.

2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆ. ಹಳೆಯ ಲೆಕ್ಕ ತಮ್ಮಲ್ಲಿಲ್ಲ ಎಂದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಹೊಣೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.