ಲೇಬರ್ ರೂಮಿನಲ್ಲಿ ಯಾರ ಮಾತು ನಡೆಯಬೇಕು?

ಸಕಲೇಶಪುರದ ಕಡೆ ಹೆರಿಗೆ ಡಾಕ್ಟರ್ ಆಗಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಕಾಫಿ ತೋಟದ ಕೂಲಿಯವರ ಲೈನ್‌ ಮನೆಗಳಿಂದ ಬರುವ ಹೆಂಗಸರೇ ಜಾಸ್ತಿ. ಎಷ್ಟೋ ಜನಕ್ಕೆ ಮೊದಲೇ ರಕ್ತ ಕಡಿಮೆ. ಕೈ ಮೀರಿದರೆ ಹಾಸನಕ್ಕೆ ಕಳಿಸಬೇಕು, ಸುಮಾರು 40 ಕಿಲೋಮೀಟರ್. ಅಲ್ಲಿಯವರೆಗೆ ಜೀವ ಹಿಡಿದಿಡೋದು ನಮ್ಮ ಕೆಲಸ.

ಹೆರಿಗೆಯಾದ ಮೇಲೆ ರಕ್ತ ಹರಿಯತೊಡಗಿದರೆ ಚರ್ಚೆಗೆ ಹೊತ್ತಿರುವುದಿಲ್ಲ. ಒಬ್ಬರು ಹೇಳಬೇಕು, ಉಳಿದವರು ಮಾಡಬೇಕು. ಆದರೆ ಕೂಗಾಡೋದು ಮುಂದಾಳುತನ ಅಲ್ಲ. "ಯಾರಾದ್ರೂ ಡ್ರಿಪ್ ಹಾಕಿ" ಅಂದರೆ ಇಬ್ಬರು ಓಡುತ್ತಾರೆ, ಇಲ್ಲವೇ ಯಾರೂ ಓಡುವುದಿಲ್ಲ. ನಾನು ಹೆಸರು ಹಿಡಿದು ಹೇಳುತ್ತೇನೆ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಮಾಡಿ ಮುಗಿಸಿದ ಮೇಲೆ "ಆಯ್ತು" ಅನ್ನಬೇಕು.

ಒಂದು ರಾತ್ರಿ ಮಾಸು ಪೂರ್ತಿ ಬಿದ್ದಿದ್ದರೂ ಗರ್ಭಕೋಶ ಗಟ್ಟಿಯಾಗಲಿಲ್ಲ. ಅದು ಗಟ್ಟಿಯಾದರೇ ರಕ್ತ ನಿಲ್ಲೋದು. ಹೊಟ್ಟೆ ಮೇಲೆ ಕೈಯಿಟ್ಟರೆ ಮೆತ್ತಗೆ. ಕೆಳಗಿನ ಅಳತೆ ಚೀಲದಲ್ಲಿ ರಕ್ತ 500 ಎಂಎಲ್ ಗೆರೆ ಮುಟ್ಟಿತ್ತು. ಗರ್ಭಕೋಶ ತಿಕ್ಕೋದನ್ನು ಹಿರಿಯ ಸಿಸ್ಟರ್‌ಗೆ ಒಪ್ಪಿಸಿ ನಾನು ಮಂಚದ ಕಾಲ ಬಳಿ ನಿಂತೆ. ಕೈ ಕೆಲಸಕ್ಕಿಳಿದರೆ ಕಣ್ಣು ಅಲ್ಲೇ ಅಂಟಿಬಿಡುತ್ತದೆ. ಒಬ್ಬರು ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದರು. ಇನ್ನೊಬ್ಬರು ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ನಿಧಾನವಾಗಿ ನರಕ್ಕೆ ಕೊಟ್ಟರು. ಅದನ್ನು ಹೆರಿಗೆಯಾಗಿ 3 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಮೂತ್ರಕ್ಕೆ ನಳಿಗೆ ಹಾಕಿದೆವು. ಎಲ್ಲದರ ಹೊತ್ತನ್ನೂ ಒಬ್ಬರು ಬರೆದುಕೊಳ್ಳುತ್ತಿದ್ದರು.

ಆಮೇಲೆ ಯಾವಾಗಲೂ ಕೇಳುವಂತೆ ಕೇಳಿದೆ: "ಯಾರಿಗೆ ಏನು ಕಾಣ್ತಿದೆ?"

ಹೊಸದಾಗಿ ಸೇರಿದ್ದ ಹುಡುಗಿ ಹೇಳಿದಳು: "ಮೇಡಂ, ಬಿಪಿ ಸರಿ ಇದೆ. ಆದ್ರೆ ನಾಡಿ 120. ಕೈ ತಣ್ಣಗಿದೆ."

ಅದೇ ಮುಖ್ಯ ಸುಳಿವು. ರಕ್ತ ಹೋಗುವಾಗ ನಾಡಿ ಮೊದಲು ಏರುತ್ತದೆ, ಬಿಪಿ ತಡವಾಗಿ ಬೀಳುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಗರ್ಭಕೋಶ ಗಟ್ಟಿಯಾಯಿತು. ಆದರೂ ರಕ್ತ ಏರಿಸಲು ಹಾಸನಕ್ಕೆ ಕಳಿಸಿದೆವು, ಜೊತೆಗೆ ಒಬ್ಬ ಸಿಸ್ಟರ್. ತಾಯಿ ಉಳಿದಳು.

ಆ ಹುಡುಗಿ ಅಷ್ಟು ಧೈರ್ಯವಾಗಿ ಬಾಯಿಬಿಟ್ಟದ್ದು ಸುಮ್ನೆ ಅಲ್ಲ. ಕೆಲಸ ಕಡಿಮೆ ಇರುವ ಮಧ್ಯಾಹ್ನ ಬೊಂಬೆ ಇಟ್ಟುಕೊಂಡು ಅಭ್ಯಾಸ ಮಾಡುತ್ತೇವೆ. ಆಗ ನಾನು ಹುಕುಂ ಮಾಡುವುದಿಲ್ಲ. ಕೆಲವು ಸಲ ಸಿಸ್ಟರ್‌ಗಳೇ ಮುಂದಾಳು, ನಾನು ಡ್ರಿಪ್ ಹಾಕುವವಳು. ಕೇಸ್ ಮುಗಿದ ಮೇಲೂ ಟೀ ಕುಡಿಯುತ್ತಾ ಮಾತಾಡುತ್ತೇವೆ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ದೊಡ್ಡವರು ಶುರುಮಾಡಿದರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೇ ಅಲ್ವಾ?

ಇನ್ನೊಂದು ಕೆಲಸವನ್ನೂ ಹೆಸರು ಹಿಡಿದೇ ಹಂಚುತ್ತೇನೆ. ಒಬ್ಬರು ಬಾಣಂತಿಯ ತಲೆಯ ಹತ್ತಿರ ನಿಂತು, ಏನು ಮಾಡುತ್ತಿದ್ದೇವೆ ಅಂತ ಅವಳಿಗೆ ಹೇಳುತ್ತಿರಬೇಕು. ಹೊರಗೆ ಕಾಯುವ ಅತ್ತೆಗೂ ಗಂಡನಿಗೂ ಅವರೇ ಸುದ್ದಿ ಮುಟ್ಟಿಸಬೇಕು, ರಕ್ತ ಕೊಡುವವರು ಯಾರಿದ್ದಾರೆ ಅಂತಲೂ ಆಗಲೇ ಕೇಳಿಡಬೇಕು.