ಮೊದಲ ಪ್ರೊಗ್ರೆಸ್ಸಿವ್ ಪ್ರೆಸ್: ಮನೆಯಲ್ಲಿ ತೋಟೆ ತುಂಬಲು ನಾನು ಆರಿಸಿದ ಬಗೆ

ಹೊಡೆದು ಖಾಲಿಯಾದ ಕೇಸಿಗೆ (ತೋಟೆಯ ಲೋಹದ ಕೊಳವೆಗೆ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಹಾಕಿ ಮತ್ತೆ ತೋಟೆ ಮಾಡುವ ಯಂತ್ರವೇ ಪ್ರೆಸ್. ಪ್ರೊಗ್ರೆಸ್ಸಿವ್ ಪ್ರೆಸ್‌ಗಳ ಜಾಹೀರಾತು ಮೊದಲು ಹೇಳುವುದೇ ಗಂಟೆಗೆ ಎಷ್ಟು ತೋಟೆ ಎಂದು. ನಾನು ಆರಿಸುವಾಗ ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರತಿ ಕೇಸಿಗೂ ಮದ್ದು ಒಂದು ಸಲ, ಒಂದೇ ಸಲ ಬಿದ್ದಿದೆ ಎಂದು ಕಣ್ಣಾರೆ ಕಾಣುವುದು ಯಾವ ಯಂತ್ರದಲ್ಲಿ ಸುಲಭ ಎಂದಷ್ಟೇ ನೋಡಿದೆ. ಮದ್ದು ಬೀಳದಿದ್ದರೆ ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಎರಡು ಸಲ ಬಿದ್ದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು.

ನಾನು ತುಂಬುವುದು 9 ಎಂಎಂ ಮಾತ್ರ, ಅಮೆರಿಕದ ಯುಎಸ್‌ಪಿಎಸ್‌ಎ ಸಂಸ್ಥೆಯ ಗುರಿ ಹೊಡೆಯುವ ಪಂದ್ಯಗಳಿಗೆ. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಇರುವುದು ಒಂದೇ ಡೈ, ಅಂದರೆ ಕೇಸಿನ ಮೇಲೆ ಒಂದು ಕೆಲಸ ಮಾಡುವ ಅಚ್ಚು. ಒಂದು ತೋಟೆ ಮುಗಿಯಬೇಕಾದರೆ ಅದೇ ಕೇಸನ್ನು ಮತ್ತೆ ಮತ್ತೆ ಇಟ್ಟು ತೆಗೆಯಬೇಕು. ಪ್ರೊಗ್ರೆಸ್ಸಿವ್‌ನಲ್ಲಿ ಶೆಲ್‌ಪ್ಲೇಟ್ ಎಂಬ ತಿರುಗುವ ತಟ್ಟೆಯ ಮೇಲೆ ನಾಲ್ಕೋ ಐದೋ ಕೇಸುಗಳು ಒಟ್ಟಿಗೆ ನಿಂತಿರುತ್ತವೆ. ಒಂದು ಸಲ ಹಿಡಿ ಎಳೆದರೆ ಎಲ್ಲ ಕೆಲಸವೂ ಒಟ್ಟಿಗೆ ನಡೆದು ಒಂದು ತೋಟೆ ಹೊರಗೆ ಬರುತ್ತದೆ. ತೊಂದರೆ ಇರುವುದೂ ಅಲ್ಲೇ. ಎಲ್ಲ ಡೈಗಳ ಒತ್ತಡ ಒಂದೇ ಹಿಡಿಯಲ್ಲಿ ಕೈಗೆ ಬರುವುದರಿಂದ ತಪ್ಪು ಯಾವ ಸ್ಟೇಷನ್ನಿನದು (ಒಂದೊಂದು ಕೆಲಸ ನಡೆಯುವ ಜಾಗ) ಎಂದು ಕೈಗೆ ಗೊತ್ತಾಗುವುದಿಲ್ಲ. ಹಾಗಾಗಿ ಡೈ ಹೊಂದಿಸುವುದನ್ನು ಸಿಂಗಲ್ ಸ್ಟೇಜಿನಲ್ಲೇ ಕಲಿತು ಆಮೇಲೆ ಇತ್ತ ಬರುವುದು ಒಳ್ಳೆಯದು.

ಲೀ ಪ್ರೊ 1000 ಅಗ್ಗ, ಆದರೆ ಮೂರೇ ಸ್ಟೇಷನ್. ಮದ್ದು ಪರೀಕ್ಷಿಸುವ ಡೈಗೆ ಜಾಗವಿಲ್ಲ. ಡಿಲ್ಲನ್ ಸ್ಕ್ವೇರ್ ಡೀಲ್ ಬಿ ಪುಟ್ಟದು, ಗಟ್ಟಿಯಾದದ್ದು. ಆದರೆ ಅದಕ್ಕೆ ಅದರದೇ ಡೈ ಬೇಕು, ಎಲ್ಲೆಡೆ ಸಿಗುವ 7/8-14 ಅಳತೆಯ ತಿರುಪಿನ ಡೈ ಕೂರುವುದಿಲ್ಲ. ಡಿಲ್ಲನ್‌ನ ಆರ್‌ಎಲ್ 1100 ಎಂಟು ಸ್ಟೇಷನ್ನಿನ ಯಂತ್ರ, ಮೊದಲ ಪ್ರೆಸ್ ಆಗಿ ಯಾರಿಗೂ ಬೇಡ. ಉಳಿದವು ಡಿಲ್ಲನ್‌ನ ಆರ್‌ಎಲ್ 550, ಹಾರ್ನಡಿ ಲಾಕ್-ಎನ್-ಲೋಡ್ ಎಪಿ, ಡಿಲ್ಲನ್‌ನದೇ ಎಕ್ಸ್‌ಎಲ್ 750.

550ರಲ್ಲಿ ನಾಲ್ಕು ಸ್ಟೇಷನ್, ಶೆಲ್‌ಪ್ಲೇಟನ್ನು ಬೆರಳಿನಿಂದ ತಿರುಗಿಸಬೇಕು. ರೈಫಲ್, ಪಿಸ್ತೂಲು ಎರಡನ್ನೂ ಸ್ವಲ್ಪ ಸ್ವಲ್ಪ ತುಂಬುವವರಿಗೆ, ಕ್ಯಾಲಿಬರ್ ಪದೇ ಪದೇ ಬದಲಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬದಲಿಸಬೇಕಾದ ಭಾಗಗಳು ಕಡಿಮೆ, ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಬಹುದು. ಆದರೆ ಪ್ಲೇಟ್ ತಿರುಗಿಸಲು ಮರೆತು ಇನ್ನೊಮ್ಮೆ ಹಿಡಿ ಎಳೆದರೆ ಅದೇ ಕೇಸಿಗೆ ಎರಡನೇ ಸಲ ಮದ್ದು ಬೀಳುತ್ತದೆ. ಹಾರ್ನಡಿ ಮತ್ತು 750ರಲ್ಲಿ ಐದು ಸ್ಟೇಷನ್, ಪ್ಲೇಟ್ ತಾನೇ ತಿರುಗುತ್ತದೆ. ಹಾರ್ನಡಿಯದು ಹಿಡಿ ಇಳಿಯುವಾಗ ಅರ್ಧ, ಏರುವಾಗ ಅರ್ಧ ತಿರುಗುವುದರಿಂದ ಅದರ ಚಲನೆ ಮೃದು. ಒಂದೇ ಕ್ಯಾಲಿಬರ್ ಹೆಚ್ಚಾಗಿ ತುಂಬುವವನಾದ ನಾನು 750 ತೆಗೆದುಕೊಂಡೆ. ಕೇಸುಗಳನ್ನು ತಾನೇ ಸಾಲಾಗಿ ಇಳಿಸುವ ಎಲೆಕ್ಟ್ರಿಕ್ ಕೇಸ್ ಫೀಡರನ್ನು ಜೊತೆಗೇ ಕೊಳ್ಳಬೇಕಿಲ್ಲ. ಯಂತ್ರ ಕೈಗೆ ಪಳಗುವವರೆಗೆ ನಿಧಾನವೇ ಒಳ್ಳೆಯದು.

ಸ್ಟೇಷನ್ನುಗಳನ್ನು ಹೊಂದಿಸಿದ್ದು ಹೀಗೆ. ಮೊದಲನೆಯದರಲ್ಲಿ ಉಬ್ಬಿದ ಕೇಸನ್ನು ಮೂಲ ಅಳತೆಗೆ ತರುವ ಸೈಜಿಂಗ್ ಡೈ, ಹಳೆಯ ಪ್ರೈಮರ್ ಹೊರಬರುವುದೂ ಅಲ್ಲೇ. ಎರಡನೆಯದರಲ್ಲಿ ಹೊಸ ಪ್ರೈಮರ್ ಕೂತು, ಬಾಯಿ ಸ್ವಲ್ಪ ಅಗಲವಾಗಿ, ಮದ್ದು ಬೀಳುತ್ತದೆ. ಮೂರನೆಯದು ಮದ್ದಿನ ಪರೀಕ್ಷೆಗೆ. ನಾಲ್ಕರಲ್ಲಿ ಗುಂಡು ಕೂರಿಸುವುದು, ಐದರಲ್ಲಿ ಟೇಪರ್ ಕ್ರಿಂಪ್, ಅಂದರೆ ಅಗಲವಾದ ಬಾಯನ್ನು ಗುಂಡಿನ ಸುತ್ತ ಮತ್ತೆ ಒತ್ತುವುದು. ಮೂರನೆಯದಕ್ಕೆ ಡಿಲ್ಲನ್‌ನ ಪೌಡರ್ ಚೆಕ್ ಹಾಕಿದರೆ ಮಟ್ಟ ತಪ್ಪಿದಾಗ ಸದ್ದು ಮಾಡುತ್ತದೆ. ಆರ್‌ಸಿಬಿಎಸ್‌ನ ಲಾಕ್-ಔಟ್ ಡೈ ಹಿಡಿಯನ್ನೇ ತಡೆದು ನಿಲ್ಲಿಸುತ್ತದೆ. ಎರಡೂ ಪತ್ತೆಹಚ್ಚುವುದು ದೊಡ್ಡ ತಪ್ಪನ್ನು ಮಾತ್ರ, ಗ್ರೇನಿನ (ಮದ್ದು ತೂಗುವ ಬಲು ಚಿಕ್ಕ ಮಾನ) ಹತ್ತನೇ ಒಂದು ಭಾಗದ ಏರುಪೇರನ್ನಲ್ಲ. ಅದಕ್ಕೆ ತಕ್ಕಡಿಯೇ ಬೇಕು. ಡೈಗಳು ಕೂರುವ ಟೂಲ್‌ಹೆಡ್ಡಿನ ನಡುವೆ ಚಿಕ್ಕ ಎಲ್‌ಇಡಿ ದೀಪ ಅಂಟಿಸಿ, ಗುಂಡು ಇಡುವ ಮುಂಚೆ ಕೇಸಿನ ಒಳಗೆ ಇಣುಕಿ ನೋಡುವಷ್ಟು ಎತ್ತರಕ್ಕೆ ಬೆಂಚನ್ನು ಹೊಂದಿಸಿಕೊಂಡಿದ್ದೇನೆ. ಡೈ ಇರಲಿ ಬಿಡಲಿ, ಈ ಇಣುಕುನೋಟ ತಪ್ಪಬಾರದು.

ಬೆಂಚು ಅಲುಗಿದರೆ ಮದ್ದಿನ ತೂಕವೂ ಅಲುಗುತ್ತದೆ, ಆದ್ದರಿಂದ ಅದನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ಡೈಗಳನ್ನು ಹೊಂದಿಸುವಾಗ ಮೊದಲು ಒಂದೇ ಕೇಸನ್ನು ಐದೂ ಸ್ಟೇಷನ್ ದಾಟಿಸಬೇಕು. ಆಮೇಲೆ ಪ್ಲೇಟ್ ತುಂಬಿದಾಗ ಗುಂಡಿನ ಆಳವನ್ನು ಮತ್ತೆ ಅಳೆಯಬೇಕು, ಏಕೆಂದರೆ ಎಲ್ಲ ಸ್ಟೇಷನ್ನಲ್ಲೂ ಕೇಸಿದ್ದಾಗ ಒತ್ತಡ ಬದಲಾಗಿ ಉದ್ದ ಸ್ವಲ್ಪ ಬೇರೆಯಾಗುತ್ತದೆ. 9 ಎಂಎಂ ತೋಟೆಯ ಗರಿಷ್ಠ ಉದ್ದ 1.169 ಇಂಚು. ಆದರೆ ನಿಮ್ಮ ಗುಂಡಿನ ಆಕಾರಕ್ಕೆ, ನಿಮ್ಮ ನಳಿಗೆಗೆ ಎಷ್ಟು ಬೇಕು ಎಂಬುದನ್ನು ನಳಿಗೆಯನ್ನೇ ಬಿಚ್ಚಿ ನೋಡಬೇಕು: ತೋಟೆ ತನ್ನ ಭಾರಕ್ಕೇ ಟಪ್ಪೆಂದು ಒಳಗೆ ಬಿದ್ದು ಸಲೀಸಾಗಿ ತಿರುಗಬೇಕು. ಕ್ರಿಂಪ್ ಆದ ಮೇಲೆ ಬಾಯಿಯ ಅಳತೆ ನನ್ನಲ್ಲಿ 0.378 ಇಂಚಿನ ಆಸುಪಾಸು ನಿಲ್ಲುತ್ತದೆ.

ಮದ್ದಿನ ಪ್ರಮಾಣ ಎಷ್ಟೆಂದು ನಾನು ಇಲ್ಲಿ ಬರೆಯುವುದಿಲ್ಲ. ತಯಾರಕರ ಕೈಪಿಡಿಯಲ್ಲಿ ನಿಮ್ಮದೇ ಗುಂಡಿಗೆ ಕೊಟ್ಟಿರುವ ಆರಂಭದ ಅಳತೆಯಿಂದಲೇ ಹೊರಡಬೇಕು. ಮದ್ದನ್ನು ಆರಿಸುವಾಗ ಒಂದು ವಿಷಯ ನೋಡಿ: ಕೇಸನ್ನು ಅರ್ಧಕ್ಕಿಂತ ಹೆಚ್ಚು ತುಂಬುವಂಥದ್ದಾದರೆ ಎರಡು ಸಲ ಬಿದ್ದಾಗ ಹೊರಗೆ ಚೆಲ್ಲಿ ತಾನೇ ಹೇಳಿಬಿಡುತ್ತದೆ. ಟೈಟ್‌ಗ್ರೂಪ್‌ನಂಥ ದಟ್ಟ ಮದ್ದು ಎರಡು ಪಟ್ಟು ಬಿದ್ದರೂ 9 ಎಂಎಂ ಕೇಸಿನಲ್ಲಿ ಅಡಗಿ ಕೂರುತ್ತದೆ. ಪ್ರತಿ ಸಲ ಕೂತಾಗ ಮೊದಲ ಹತ್ತು ಅಳತೆಗಳನ್ನು ಡಬ್ಬಿಗೇ ವಾಪಸ್ ಸುರಿದು, ಹನ್ನೊಂದನೆಯದರಿಂದ ತೂಗುತ್ತೇನೆ. ಆಮೇಲೆ ಐವತ್ತಕ್ಕೊಮ್ಮೆ. ಹಿಡಿ ಅರ್ಧಕ್ಕೆ ನಿಂತು ಯಾವ ಕೇಸಿಗೆ ಏನಾಯಿತೆಂಬ ಅನುಮಾನ ಬಂದರೆ ಪ್ಲೇಟಿನ ಮೇಲಿನ ಕೇಸುಗಳನ್ನೆಲ್ಲ ತೆಗೆದು ಮದ್ದು ಸುರಿದುಬಿಡುವುದೇ ಸರಿ.

750ರಲ್ಲಿ ಪ್ಲೇಟ್ ಥಟ್ಟನೆ ನಿಂತಾಗ ಕೇಸಿನಿಂದ ಮದ್ದು ಚಿಮ್ಮುವುದುಂಟು. ಪ್ಲೇಟಿನ ಕೆಳಗೆ ಚಿಕ್ಕ ಗೋಲಿಯೊಂದನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಆ ಸ್ಪ್ರಿಂಗ್ ಗಡಸಾಗಿದ್ದರೆ ಹೀಗಾಗುತ್ತದೆ. ಮೆದು ಸ್ಪ್ರಿಂಗ್ ಹಾಕಬೇಕು, ಹಿಡಿಯನ್ನೂ ನಿಧಾನ ಬಿಡಬೇಕು. ಪ್ಲೇಟಿನ ಬೋಲ್ಟನ್ನು ಪೂರ್ತಿ ಬಿಗಿದು, ಪ್ಲೇಟ್ ಸಲೀಸಾಗಿ ತಿರುಗುವಷ್ಟೇ ಸಡಿಲಿಸಿ, ಚಿಕ್ಕ ತಿರುಪಿನಿಂದ ಲಾಕ್ ಮಾಡಬೇಕು. ಇದು ಹೆಚ್ಚು ಸಡಿಲವಾದರೆ ಪ್ರೈಮರ್ ಓರೆಯಾಗಿ ಕೂರುತ್ತದೆ. ಹಿಡಿಯನ್ನು ಮುಂದಕ್ಕೆ ಗಟ್ಟಿಯಾಗಿ ಒತ್ತದಿದ್ದರೆ ಪ್ರೈಮರ್ ಮೇಲೆ ಉಳಿಯುತ್ತದೆ. ಅದು ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚು ಒಳಗಿರಬೇಕು, ಬೆರಳಾಡಿಸಿದರೆ ತಿಳಿಯುತ್ತದೆ. ಒತ್ತುವಾಗ ಅಡ್ಡಿ ಎನಿಸಿದರೆ ಬಲ ಹಾಕಬೇಡಿ. ಹೆಚ್ಚಾಗಿ ಅದು ಪ್ರೈಮರ್ ಕೂರುವ ಗುಳಿಯ ಅಂಚನ್ನು ಒಳಕ್ಕೆ ಒತ್ತಿರುವ (ಕ್ರಿಂಪ್ ಇರುವ) ಮಿಲಿಟರಿ ಕೇಸು. ಟ್ಯೂಬಿನಲ್ಲಿ ನೂರು ಪ್ರೈಮರುಗಳು ಒಂದರ ಮೇಲೊಂದು ನಿಂತಿವೆ, ಒಂದು ಸಿಡಿದರೆ ಎಲ್ಲವೂ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಹಾಕದೆ ಈ ಯಂತ್ರ ಮುಟ್ಟಬಾರದು.

ಯಂತ್ರದ ನಿಲುಗಡೆಗಳ ದೊಡ್ಡ ಪಾಲು ಕೇಸು ಆರಿಸದೇ ಇರುವುದರಿಂದ ಬರುತ್ತದೆ. 9 ಎಂಎಂ ರಾಶಿಯಲ್ಲಿ ಅದಕ್ಕಿಂತ ಗಿಡ್ಡನೆಯ .380 ಕೇಸು ಸೇರಿರುತ್ತದೆ, ಒಳಗೆ ಮೆಟ್ಟಿಲಿರುವ ಕೇಸೂ ಇರುತ್ತದೆ. ಎರಡನೆಯದರಲ್ಲಿ ಮದ್ದಿಗೆ ಜಾಗ ಕಡಿಮೆ, ಒತ್ತಡ ಹೆಚ್ಚು, ಅದನ್ನು ಎಸೆಯಬೇಕು. ಕಾರ್ಬೈಡ್ ಡೈಗೆ ಎಣ್ಣೆ ಬೇಡವೆನ್ನುತ್ತಾರೆ. ಆದರೂ ಒಂದು ಪಾಲು ಲ್ಯಾನೊಲಿನ್, ಹತ್ತು ಪಾಲು 99% ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಕೇಸುಗಳ ಮೇಲೆ ಸಿಂಪಡಿಸಿ ಒಣಗಿಸಿದರೆ ಹಿಡಿ ಹಗುರವಾಗುತ್ತದೆ, ಮದ್ದೂ ಒಂದೇ ಸಮ ಬೀಳುತ್ತದೆ.

ಅಮೆರಿಕದಲ್ಲಿ ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ, ಮಾರುವುದಾದರೆ ಟೈಪ್ 06 ಪರವಾನಗಿ ಬೇಕು. ಅಲ್ಲಿರುವ ಕನ್ನಡಿಗರು ಗಮನಿಸಬೇಕು: ಎಚ್-1ಬಿ ವೀಸಾದವರಿಗೆ ಕೋವಿ ಮಾತ್ರವಲ್ಲ, ಮದ್ದುಗುಂಡು ಇಟ್ಟುಕೊಳ್ಳುವುದಕ್ಕೂ ತಡೆಯಿದೆ. ಕಾನೂನಿನ ವ್ಯಾಖ್ಯೆಯಲ್ಲಿ ಪ್ರೈಮರ್, ಕೇಸು, ಮದ್ದು ಎಲ್ಲವೂ ಅದರೊಳಗೇ ಸೇರುತ್ತವೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡಿನವರಿಗೆ ಈ ತಡೆಯಿಲ್ಲ. ಊರಿಗೆ ಪ್ರೆಸ್ ತರುವ ಯೋಚನೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ.

ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬೇಕು. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಯ ನಿಯಮದಂತೆ ಮನೆಯಲ್ಲಿ 20 ಪೌಂಡ್ ತನಕ ಇಡಬಹುದು, ಅದರ ಮೇಲೆ 50ರವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರಿನ ಮಿತಿ 10,000. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ, ಮುಗಿದ ಮೇಲೆ ಯಂತ್ರದ ಮದ್ದಿನ ಪಾತ್ರೆ (ಹಾಪರ್) ಖಾಲಿ ಮಾಡಿ ಅದೇ ಡಬ್ಬಿಗೆ ಹಾಕಿ. ಹಳೆಯ ಪ್ರೈಮರುಗಳ ಮಸಿಯಲ್ಲಿ ಸೀಸವಿರುತ್ತದೆ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.