ಮಕ್ಕಳ ಎಕೋ: ಹೋಲ್ ಸಿಕ್ಕಿದ ಮೇಲೂ ನಾನು ನೋಡುವುದು ನಿಲ್ಲಿಸುವುದಿಲ್ಲ

ಕಾಸರಗೋಡಲ್ಲಿ ಮಕ್ಕಳ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡ್ತಾ ಬಂದವ ನಾನು. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಮಗು ಎತ್ಕೊಂಡು ಬಂದವರು ಮೊದ್ಲು ಕೇಳುವುದೇ "ಡಾಕ್ಟ್ರೇ, ಹಾರ್ಟಲ್ಲಿ ಹೋಲ್ ಉಂಟಾ?" ಅಂತ. ಹೋಲ್ ಇದ್ರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರಲ್ಲಿ ಹೆಚ್ಚಾಗಿ ಬೇಗ ಕಾಣ್ತದೆ, ಅದರ ಜೊತೆ ಇನ್ನೇನುಂಟು ಅಂತ ನೋಡ್ಲಿಕ್ಕೇ ನನಗೆ ಟೈಮ್ ಬೇಕಾಗುವುದು.

ಮಗು ಅತ್ರೆ ಏನೂ ಸಿಗುವುದಿಲ್ಲ. ಹಾಲು ಕುಡಿಸಿ ತಾಯಿ ಮಡಿಲಲ್ಲೇ ಮಲಗಿಸಿ, ಜೆಲ್ ಬೆಚ್ಚಗೆ ಮಾಡಿಯೇ ಹಚ್ಚುವುದು, ಆದ್ರೂ ಆಗದಿದ್ರೆ ನಿದ್ದೆ ಬರಿಸುವ ಟ್ರೈಕ್ಲೋಫಾಸ್ ಸಿರಪ್, ಅದೂ ರಕ್ತದ ಆಕ್ಸಿಜನ್ ಸ್ಯಾಚುರೇಶನ್ ನೋಡ್ತಾ. ಪ್ರೋಬ್ (ಸ್ಕ್ಯಾನಿನ ಕೈ ಉಪಕರಣ) ಮೊದ್ಲು ಇಡುವುದು ಹೊಟ್ಟೆ ಮೇಲೆ, ಎದೆಮೂಳೆಯ ಕೆಳಗೆ: ಲಿವರ್ ಯಾವ ಕಡೆ, ಅಯೋರ್ಟಾ (ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ) ಯಾವ ಕಡೆ, ಆಮೇಲೆ ಒಂದೊಂದೇ ಚೇಂಬರ್, ಯಾವ ವೆಂಟ್ರಿಕಲಿಂದ (ಕೆಳಗಿನ ಚೇಂಬರಿಂದ) ಯಾವ ನಾಳ ಹೊರಡ್ತದೆ ಅಂತ. ಎಡ ವೆಂಟ್ರಿಕಲಿಂದ ಹೊರಟ ನಾಳ ಸ್ವಲ್ಪ ದೂರದಲ್ಲೇ ಎರಡಾಗಿ ಕವಲೊಡೆದ್ರೆ ಅದು ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿ, ಅಂದ್ರೆ ನಾಳಗಳು ಅದಲುಬದಲು, ಮಗುವಿಗೆ ಆ ದಿನವೇ ದೊಡ್ಡಾಸ್ಪತ್ರೆ ಬೇಕು.

ನನಗೆ ಜಾಸ್ತಿ ಹೆದರಿಕೆ ಟಿಎಪಿವಿಸಿ ಅನ್ನುವ ಹುಟ್ಟು ದೋಷದ ಬಗ್ಗೆ. ಶ್ವಾಸಕೋಶದಿಂದ ರಕ್ತ ತರುವ ನಾಲ್ಕು ವೇನ್ ಹಾರ್ಟಿನ ಎಡ ಏಟ್ರಿಯಂಗೆ (ಮೇಲಿನ ಚೇಂಬರಿಗೆ) ಸೇರ್ಬೇಕು, ಇಲ್ಲಿ ಸೇರುವುದಿಲ್ಲ. ಮಗು ಏದುಸಿರು ಬಿಡ್ತಾ ಇರ್ತದೆ, ಎಕ್ಸ್‌ರೇ ನೋಡಿದ್ರೆ ನ್ಯುಮೋನಿಯಾ ಅಂತಲೇ ಅನ್ನಿಸ್ತದೆ. ಹಾಗೆ ಬಂದ ಒಂದು ಶಿಶುವಿನ ಹೊಟ್ಟೆ ಮೇಲೆ ಪ್ರೋಬ್ ಇಟ್ಟಾಗ ಅಯೋರ್ಟಾ, ಐವಿಸಿ (ಕೆಳಗಿನ ಮೈಯಿಂದ ಹಾರ್ಟಿಗೆ ರಕ್ತ ತರುವ ದೊಡ್ಡ ವೇನ್) ಎರಡರ ನಡುವೆ ಮೂರನೇ ನಾಳ ಒಂದು ಕಂಡಿತು, ಕಲರ್ ಹಾಕಿದ್ರೆ ವೇನಿನ ಹರಿವು, ಆದ್ರೆ ಹಾರ್ಟಿನ ಕಡೆ ಹೋಗದೆ ಕೆಳಗೆ ಲಿವರಿಗೆ ಹೋಗ್ತಾ ಉಂಟು. ಇದಕ್ಕೆ ಆಪರೇಶನ್ ಒಂದೇ ದಾರಿ, ಕೇರಳದಲ್ಲಿ 2017ರಿಂದ ಹುಟ್ಟಿನಿಂದಲೇ ಹಾರ್ಟ್ ದೋಷ ಇರುವ ಮಕ್ಕಳಿಗಾಗಿ ಸರಕಾರದ ಹೃದ್ಯಂ ಯೋಜನೆ ಇರುವುದ್ರಿಂದ ರಿಜಿಸ್ಟರ್ ಮಾಡಿಸಿ ಕಳಿಸ್ಲಿಕ್ಕೆ ಆಗ್ತದೆ, ಬಡವರಿಗೆ ಅದು ದೊಡ್ಡ ಆಸರೆ.

ಇನ್ನೊಂದು ಅಯೋರ್ಟಾದ ಆರ್ಚ್, ಅಂದ್ರೆ ಅದು ಬಾಗುವ ಜಾಗ. ಡಕ್ಟಸ್ (ಹುಟ್ಟಿದ ಮೇಲೆ ತಾನೇ ಮುಚ್ಚಬೇಕಾದ ಸಣ್ಣ ನಾಳ) ತೆರೆದೇ ಇರುವಾಗ ಆರ್ಚ್ ಕಿರಿದಾಗಿರುವುದು ಗೊತ್ತಾಗದೆ ಹೋಗಬಹುದು, ಅದಕ್ಕೆ ತೊಡೆಸಂದಿಯ ನಾಡಿ ನಾನೇ ಕೈಯಿಟ್ಟು ನೋಡ್ತೇನೆ, ಡೌಟ್ ಇದ್ರೆ ಡಕ್ಟಸ್ ಮುಚ್ಚಿದ ಮೇಲೆ ಇನ್ನೊಮ್ಮೆ ಎಕೋ. ದಯವಿಟ್ಟು ಮರ್ಮರ್ (ಹಾರ್ಟಿನ ಹೆಚ್ಚುವರಿ ಸದ್ದು) ಕೇಳ್ಲಿಲ್ಲ ಅಂತ ಸುಮ್ಮನಿರ್ಬೇಡಿ, ದೊಡ್ಡ ವಿಎಸ್‌ಡಿ (ಎರಡು ವೆಂಟ್ರಿಕಲ್ ನಡುವಿನ ಹೋಲ್) ಇದ್ರೂ ಮೊದ್ಲ ಕೆಲವು ದಿನ ಸದ್ದೇ ಇರ್ಲಿಕ್ಕಿಲ್ಲ.

ರಿಪೋರ್ಟಲ್ಲಿ ವೇನ್, ಆರ್ಚ್ ಎರಡನ್ನೂ ಬೇರೆ ಬೇರೆ ಬರೀತೇನೆ. ಕಾಣದಿದ್ರೆ ಕಾಣ್ಲಿಲ್ಲ ಅಂತಲೇ ಬರೆದು ಸಿಟಿ ಆಂಜಿಯೋಗೆ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನಿಗೆ) ಮಂಗ್ಳೂರಿಗೋ ಕಲ್ಲಿಕೋಟೆಗೋ ಕಳಿಸ್ತೇನೆ.